ಸ್ವಿಚ್ಚಿಗೆ ಕಟ್ಟಿದ್ದ ನನ್ನ ಟವೆಲ್

ಕಣ್ಣಿಗೆ ಕಾಣದವರು ಕೂಗಿದರು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಕರೆಂಟಿನ ಕೆಲಸ ನನ್ನದು, ಕಾರಣವಿಲ್ಲದೆ ಬಲ್ಬು ಕೂಡ ಮಿಣುಕುವುದಿಲ್ಲ ಎಂದು ನಂಬಿದವನು. ಆದರೆ ಕೊಡಂಬಲದ ಹತ್ತಿರ ಆ ಮಧ್ಯಾಹ್ನ ನಡೆದದ್ದನ್ನು ಸುಳ್ಳು ಎನ್ನಲು ಇವತ್ತಿಗೂ ಬಾಯಿ ಬರುವುದಿಲ್ಲ.

ಅಲ್ಲಿ ಒಂದು ಊರಿಗೆ ಬಿಸಿಲಿನಿಂದ ವಿದ್ಯುತ್ ಕೊಡುವ ಪುಟ್ಟ ಕೇಂದ್ರವಿದೆ. ಹುಮನಾಬಾದಿನಿಂದ ನಾನು, ಬಸವಕಲ್ಯಾಣದಿಂದ ಮಾಣಿಕಪ್ಪ, ಇಬ್ಬರೇ ಅದನ್ನು ನೋಡಿಕೊಳ್ಳುತ್ತಿದ್ದೆವು. ಲೈನಿನಲ್ಲಿ ದೋಷ ಬಂದರೆ ಕಂಬದ ಮೇಲಿನ ಸೆನ್ಸರ್ ಅದನ್ನು ಪತ್ತೆಹಚ್ಚಿ, ಕೇಂದ್ರದ ಕೋಣೆಯ ಸ್ಕ್ರೀನಿನಲ್ಲಿ ಆ ಕಂಬಕ್ಕೆ ಕೆಂಪು ಚುಕ್ಕೆ ಹಾಕುತ್ತದೆ. ತಂತಿ ಸರಿಹೋದ ಕೂಡಲೇ ಚುಕ್ಕೆ ಹಸಿರಾಗುತ್ತದೆ. ಆದರೆ ಮನುಷ್ಯ ಕಂಬದಿಂದ ಇಳಿದನೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ನಮ್ಮಲ್ಲೊಂದು ಪದ್ಧತಿ ಇತ್ತು. ಕಂಬ ಹತ್ತುವವನು ಮೇನ್ ಸ್ವಿಚ್ ಬಂದ್ ಮಾಡಿ, ಹಿಡಿಕೆಗೆ ತನ್ನ ಟವೆಲ್ ಕಟ್ಟಿ ಹೋಗಬೇಕು, ಬಂದು ಅವನೇ ಬಿಚ್ಚಬೇಕು. ಇದನ್ನು ನನಗೆ ಕಲಿಸಿದವನೇ ಮಾಣಿಕಪ್ಪ. ಒಮ್ಮೆ ನಾನು ಮರೆತದ್ದಕ್ಕೆ, ನನಗಿಂತ ಕಿರಿಯನಾದರೂ, ಇಡೀ ದಿನ ಮಾತು ಬಿಟ್ಟಿದ್ದ.

ಆ ದಿನ ಏಳನೆಯ ಕಂಬಕ್ಕೆ ಕೆಂಪು ಚುಕ್ಕೆ ಬಿತ್ತು. ಮಾಣಿಕಪ್ಪನನ್ನು ಕೋಣೆಯಲ್ಲೇ ಬಿಟ್ಟು, ಟವೆಲ್ ಕಟ್ಟಿ ಹೋದೆ. ಕಂಬವಿದ್ದದ್ದು ದೂರ, ತೊಗರಿ ಹೊಲದಾಚೆ. ಮೇಲೆ ಸಡಿಲವಾಗಿದ್ದ ಜೋಡಣೆಯನ್ನು ಪಾನಾದಿಂದ ಬಿಗಿ ಮಾಡಿ, ಕೊನೆಯ ಸುತ್ತು ತಿರುಗಿಸುತ್ತಿದ್ದಾಗ ಕೆಳಗಿನಿಂದ ಮಾಣಿಕಪ್ಪನ ದನಿ ಕೇಳಿತು.

"ಅಣ್ಣಾ, ಇಳೀರಿ. ಚಹಾ ಆರಾಕತ್ತದ."

ಕೆಲಸ ಮುಗಿಯುವ ತನಕ ತಡೆಯಲಾರನೇ ಎಂದು ಗೊಣಗುತ್ತಾ, ಪಾನಾವನ್ನು ಬೋಲ್ಟಿಗೇ ಬಿಟ್ಟು ಇಳಿದೆ. ಕೆಳಗೆ ಯಾರೂ ಇರಲಿಲ್ಲ. ಅತ್ತಿತ್ತ ನೋಡುವಷ್ಟರಲ್ಲಿ ಮೇಲೆ ಪಾನಾ ಇದ್ದಲ್ಲಿ ಫಟ್ಟನೆ ಕಿಡಿ ಹಾರಿತು. ಲೈನಿಗೆ ಕರೆಂಟ್ ಬಿಟ್ಟಿದ್ದರು.

ಹೊಲ ದಾಟಿ ಕೋಣೆಗೆ ಹೋದೆ. ಮಾಣಿಕಪ್ಪ ನನ್ನ ಟವೆಲ್ಲನ್ನು ನೀಟಾಗಿ ಮಡಚಿ ಕುರ್ಚಿಯ ಮೇಲೆ ಇಟ್ಟಿದ್ದ.

"ಚುಕ್ಕಿ ಹಸಿರ ಆತ್ರಿ," ಎಂದ. "ಹಿಟ್ಟಿನ ಗಿರಣಿಯವ್ರು ಗಡಬಡ ಮಾಡಾಕತ್ತಿದ್ರು. ನೀವು ಇಳಿದೀರಿ ಅಂದ್ಕೊಂಡೆ."

ಬೇರೆ ಯಾರೋ ಬಿಚ್ಚಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಕಲಿಸಿದವನೇ ಬಿಚ್ಚಿದ್ದ. ಹಿಟ್ಟು ಬೀಸುವ ಅವಸರಕ್ಕೆ ನನ್ನ ಜೀವ ಕೊಟ್ಟನಲ್ಲ ಎನಿಸಿತು.

"ಮತ್ತ ಕಂಬದ ತನಕ ಬಂದು ನನ್ನ ಯಾಕ ಕರದಿ?" ಎಂದು ಕೇಳಿದೆ.

ಅವನು ನನ್ನ ಮುಖವನ್ನೇ ನೋಡಿದ. "ನಾ ಕರದಿಲ್ರಿ ಅಣ್ಣಾ. ಖೋಲಿ ಬಿಟ್ಟು ಹೊರಗೇ ಬಂದಿಲ್ಲ."

ಬಾಗಿಲಲ್ಲಿ ಕೂತಿದ್ದ ಗಿರಣಿಯವರೂ ಅದನ್ನೇ ಹೇಳಿದರು.

ಅವತ್ತು ಅವನು "ಹೌದ್ರಿ, ನಾನೇ ಕರದೆ" ಎಂದಿದ್ದರೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು. ಆದರೂ ಸುಳ್ಳು ಹೇಳಲಿಲ್ಲ. ಮರುವಾರವೇ ನಾನು ಆ ಕೆಲಸ ಬಿಟ್ಟೆ. ಯಾರು ಕರೆದರೆಂದು ಎಷ್ಟು ತಲೆ ಕೆಡಿಸಿಕೊಂಡರೂ ತಿಳಿದಿಲ್ಲ. ಉಳಿಸಿದವರಿಗೆ ಒಮ್ಮೆ ಕೈಮುಗಿಯೋಣವೆಂದು ಕಣ್ಣು ಮುಚ್ಚಿದರೆ ಮಾಣಿಕಪ್ಪನ ಮುಖವೇ ಬರುತ್ತದೆ. ಕೈ ಮೇಲೇಳುವುದಿಲ್ಲ.