ಸಹಿ ಕಲಿತ ಗೌರವ್ವನ ಹೊಲ

“ಹೆಬ್ಬಟ್ಟು ಒತ್ತೂವಾಗ ಕಾಗದಾ ಓದಿ ಹೇಳತಿದ್ರರೀ ಸರ. ನೀವು ಸಹಿ ಮಾಡೂದು ಕಲಿಸಿದ್ರಿ, ಓದಿ ಹೇಳೋರ ಇಲ್ಲದಂಗಾತು. ಅಪ್ಪನ ಹೊಲದಾಗಿನ ನನ್ನ ಪಾಲು ಅಣ್ಣಗ ಹೋತು.”

ಸುಳ್ಳ ಎಂಬ ಊರಿನ ಆಚೆಯ ಹಳ್ಳಿಯಿಂದ ಕೇಶ್ವಾಪುರದ ನನ್ನ ಗುರುಗಳ ಮನೆಗೆ ಬಂದಿದ್ದ ಗೌರವ್ವ, ಕೂಡ್ರಲು ಹೇಳಿದರೂ ಕೂಡ್ರದೆ, ನಿಂತೇ ಇಷ್ಟನ್ನು ಹೇಳಿದಳು. ನನ್ನ ಲೇಖನ ತಿದ್ದುತ್ತಿದ್ದ ಗುರುಗಳ ಪೆನ್ನು ನಿಂತಿತು. ಅವರು ಶಿಕ್ಷಣಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ, ತಮ್ಮ ಹೆಸರು ಬರೆಯಬಲ್ಲವರೆಲ್ಲ ಅಕ್ಷರಸ್ಥರೆಂದು ಆ ಹಳ್ಳಿಯ ಪಟ್ಟಿ ಸಿದ್ಧಪಡಿಸಿದವರು ಅವರೇ. ಗೌರವ್ವನಿಗೆ ಹೆಸರಿನಾಚೆ ಒಂದಕ್ಷರವೂ ಬಾರದು. ಆದರೂ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಅವಳು ಸಹಿ ಮಾಡಿದ್ದನ್ನು ಕಂಡವರೆಲ್ಲ, ಓದಿಯೇ ಮಾಡಿದಳೆಂದು ಸುಮ್ಮನಿದ್ದರು.

ನನಗೆ ತಡೆಯಲಾಗಲಿಲ್ಲ. ಇದಕ್ಕೆ ಉತ್ತರ ಕೊಡಬೇಕಾದವರು ಯಾರೆಂದು ಗುರುಗಳನ್ನೇ ಕೇಳಿಬಿಟ್ಟೆ. ನನ್ನನ್ನು ಹೊರಗೆ ಕಳಿಸುತ್ತಾರೆಂದೇ ನಾನು ಎಣಿಸಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಈಕಿಗೆ ಓದಾಕ ಬರೂದಿಲ್ಲಂತ ಕೋರ್ಟಿನ್ಯಾಗ ನಾನ ಸಾಕ್ಷಿ ಹೇಳ್ತೇನಿ. ನನ್ನ ಪಟ್ಟಿ ತಪ್ಪಂತ ನೀ ಬರೀ. ನನ್ನ ಹೆಸರು ಮುಚ್ಚಬ್ಯಾಡ.”

ಹೇಳಿದಂತೆಯೇ ಅವರು ಕಟಕಟೆ ಹತ್ತಿ, ಆ ಪಟ್ಟಿಯನ್ನೇ ಆಧರಿಸಿದ ತಮ್ಮ ಹಲವು ವರ್ಷಗಳ ಸಂಶೋಧನೆಯನ್ನು ತಾವೇ ಅಲ್ಲಗಳೆದರು. ಪಾಲಿಗಾಗಿ ಗೌರವ್ವ ಹೂಡಿದ ದಾವೆ ಇನ್ನೂ ಮುಗಿದಿಲ್ಲ. ಆದರೆ ಅದೇ ಪಟ್ಟಿಯನ್ನು ತೋರಿಸಿ ಸನ್ಮಾನ ಮಾಡಿಸಿಕೊಂಡ ಅಧಿಕಾರಿಗಳಲ್ಲಿ ಒಬ್ಬರೂ ಈವರೆಗೆ ಗೌರವ್ವನ ಎದುರು ಬಂದು ನಿಂತಿಲ್ಲ. ಅವರು ಬರುವವರೆಗೂ ನಾನು ಬರೆಯುತ್ತೇನೆ.