ಯಾವಾಗಲೂ ಇದರಲ್ಲೇ ತೆರೆ

ಹೋದ ವಾರ ನನ್ನ ಅಂಕಣ ನನಗೇ ತೆರೆಯಲಿಲ್ಲ.

ಪುಟ ನೋಡಿ ಅಂತ ಪತ್ರಿಕೆಯವರು ಪಿಡಿಎಫ್ ಕಳಿಸಿದ್ದರು. ಎರಡು ಸಲ ಒತ್ತಿದೆ. ಚಿತ್ರ ಬಿಡಿಸುವ ಪ್ರೋಗ್ರಾಮ್ ಬಂದು ನಿಂತು, 'ಈ ಫೈಲ್ ಓದಲು ಆಗದು' ಅಂದಿತು. ಇನ್ನೊಂದು ಪಿಡಿಎಫ್ ಒತ್ತಿದೆ. ಮತ್ತೆ ಅದೇ ಮಹಾಶಯ! (ಮೂವತ್ತೆಂಟನೇ ವಯಸ್ಸಿಗೆ ನಾನು ಹತ್ತನೇ ಕ್ಲಾಸು ಕಟ್ಟಿದಾಗ ಊರು ನನ್ನ ಬಗ್ಗೆಯೂ 'ಓದಲು ಆಗದು' ಅಂತಲೇ ಹೇಳಿತ್ತು. ಹಾಗಾಗಿ ಬೇಜಾರಾಗಲಿಲ್ಲ.)

ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಮಧುಗಿರಿ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ಶಾಹಿದಾ ಮೇಡಂ ನೋಡಿ ನಕ್ಕರು.

"ಯಾರ್ ಸಾರ್ ಇದಕ್ಕೆ ಟಿಕ್ ಹಾಕಿದ್ದು?"

"ಯಾವ ಟಿಕ್ಕು?"

"'ಯಾವಾಗ್ಲೂ ಇದ್ರಲ್ಲೇ ತೆರೆ' ಅಂತ. ಒಂದ್ಸಲ ಹಾಕ್ಬುಟ್ರೆ ಆಯ್ತು. ಆಮೇಲೆ ಅದು ನಿಮ್ಮನ್ನ ಕೇಳೋದೇ ಇಲ್ಲ."

ನಾನೇ! ಅದೇನೋ ಕೇಳಿತ್ತು, ಮರ್ಯಾದೆಗೆ ಹೂಂ ಅಂದಿದ್ದೆ.

"ಒಳಗೆ ಏನೈತೆ ಅಂತಾನಾದ್ರೂ ನೋಡಲ್ವಾ?"

"ಒಳಗ್ಯಾಕೆ ನೋಡ್ತದೆ? ಹೆಸರಿನ ಕೊನೇಲಿ ಚುಕ್ಕಿ ಆದ್ಮೇಲೆ ಬಾಲ ಐತಲ್ಲ, ಅಷ್ಟೇ ನೋಡೋದು. ಈ ಬಾಲಾನಾ? ಆ ಮನೆಗೆ ಹೋಗು!" ಮೇಡಂ ಸರಿ ಮಾಡಿಕೊಟ್ಟರು. "ಪಿಡಿಎಫ್‌ಗೆ ಮಾತ್ರ ಸಾರ್. ಒಂದೊಂದ್ ಬಾಲಕ್ಕೂ ಬೇರೆ ಬೇರೆ ಬದಲಾಯಿಸ್ಬೇಕು."

ಅಷ್ಟರಲ್ಲಿ ಫೋನ್ ಬಂತು. ಹುಲಿಕುಂಟೆ ಕಡೆಯ ನಮ್ಮೂರಿನ ರಂಗಪ್ಪ. ಮೇಲಿನ ಕೇರಿಯವನು, ನನ್ನ ಓರಗೆಯವನು. ಅವನ ತಾಯಿ ಪುಟ್ಟಕ್ಕ ತೀರಿಕೊಂಡಿದ್ದರು. ನಾನು ಪಾಸಾದಾಗ ಬೀದಿಯಲ್ಲಿ ನಿಲ್ಲಿಸಿ, "ಇಂಗ್ಲಿಷ್ನಾಗೆ ಎಷ್ಟು ಬಂತ್ಲಾ?" ಎಂದು ಕೇಳಿದ್ದ ಒಂದೇ ಜೀವ. ಕಣ್ಣು ತುಂಬಿತು.

"ಲೇ, ಅವ್ವನ ಫೋಟೋ ಕಳ್ಸಿವ್ನಿ. ಕಾರ್ಡ್ ಮಾಡಿ ಗ್ರೂಪ್‌ಗೆಲ್ಲ ಹಾಕ್ಬುಡು. ಶಿರಾ, ಕೊರಟಗೆರೆ, ಪಾವಗಡದ ನೆಂಟ್ರೆಲ್ಲ ನೋಡ್ಬೇಕು."

"ನೀನೇ ಹಾಕಪ್ಪ. ನಿನ್ ಫೋನು ನಂದಕ್ಕಿಂತ ದೊಡ್ದೈತೆ."

"ಅಂಗಲ್ಲ ಕಣ್ಲಾ. ಸಾವಿನ ಸುದ್ದಿ ನಿಮ್ಮನೆಯಿಂದ್ಲೇ ಹೋಗ್ಬೇಕಲ್ವಾ? ನಿಮ್ಮಪ್ಪ ಹೋಗ್ತಿರ್ಲಿಲ್ವಾ?"

ಹೋಗುತ್ತಿದ್ದ. ಮೇಲಿನ ಕೇರಿಯಲ್ಲಿ ಯಾರೇ ಸತ್ತರೂ ಅಪ್ಪ ಬರಿಗಾಲಲ್ಲಿ ನಾಲ್ಕೂರು ನಡೆದು, ನೆಂಟರ ಮನೆಗಳ ಮುಂದೆ ದೂರದಲ್ಲೇ ನಿಂತು ಸುದ್ದಿ ಕೂಗಿ ಬರುತ್ತಿದ್ದ. ಈಗ ಕಾಲಿನ ಬದಲು ವಾಟ್ಸಾಪ್. ಸಿಸ್ಟಮ್ ಹೊಸದು, ಟಿಕ್ ಹಳೆಯದು.

"ರಂಗಪ್ಪ, ಇದಕ್ಕೆ ಟಿಕ್ ಹಾಕ್ದೋರ್ ಯಾರು?"

"ಏನಂದೆ?"

"ಏನಿಲ್ಲ. ಮಣ್ಣಿಗೆ ಬತ್ತೀನಿ. ಸುದ್ದಿ ಹೇಳಾಕಲ್ಲ, ಅಳಾಕೆ."

ಫೋನ್ ಕಟ್ಟಾಯಿತು. ಇನ್ನು ಇವನು ನನ್ನ ಮುಖ ನೋಡುತ್ತಾನಾ? ಬಸ್ಸು ಹತ್ತಿ ಕೂತೆ. ಶಿರಾ ಬರುವಷ್ಟರಲ್ಲಿ ಅವನೇ ಮಾಡಿದ ಕಾರ್ಡ್ ಗ್ರೂಪಿಗೆ ಬಂತು. ಪುಟ್ಟಕ್ಕನ ಸುತ್ತ ಬಲೂನು, ಕೆಳಗೆ ಕೇಕು! (ಆ ಆ್ಯಪ್‌ಗೂ ಅದರದೇ ಡಿಫಾಲ್ಟು; ಫೋಟೋ ಅಂದರೆ ಹುಟ್ಟುಹಬ್ಬ.) ಪಾವಗಡದ ನೆಂಟರೊಬ್ಬರು ನೋಡದೆ 'ನೂರು ವರ್ಷ ಬಾಳಿ' ಅಂತ ಹಾರೈಸಿಯೂ ಆಗಿತ್ತು.

ಮತ್ತೆ ಫೋನು. "ಲೇ, ಈ ಬಲೂನ್ ತೆಗೆಯೋದು ಹೆಂಗ್ಲಾ?" ಅಳುದನಿ.

ಹೇಳಿಕೊಟ್ಟೆ. ಪುಟ್ಟಕ್ಕ ಇದ್ದಿದ್ದರೆ 'ಇರ್ಲಿ ಬುಡ್ಲಾ, ಚೆಂದಾಗೈತೆ' ಅನ್ನುತ್ತಿದ್ದರು.

ಊರು ತಲುಪಿದಾಗ ಹೆಣ ಇನ್ನೂ ಎತ್ತಿರಲಿಲ್ಲ. ರಂಗಪ್ಪ ನನ್ನ ಕೈ ಹಿಡಿದುಕೊಂಡು ಅತ್ತ. ನಾನೂ ಅತ್ತೆ. ಸದ್ಯ, ಒಂದು ಟಿಕ್ ಹೋಯಿತು ಅಂದುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದೆ. ಅವನು ಮೂಗು ಸೀಟಿ, ಬೀದಿಯ ಆ ತುದಿ ನೋಡಿ, ನನ್ನನ್ನೇ ಕೇಳಿದ:

"ತಮಟೆಗೆ ನಿಮ್ ಚಿಕ್ಕಪ್ಪ ಇನ್ನೂ ಬಂದಿಲ್ವಲ್ಲೋ?"

ಶಾಹಿದಾ ಮೇಡಂ, ಇನ್ನೂ ಎಷ್ಟು ಬಾಲ ಉಳಿದಿವೆ?