ಜಟ್ಟಿ ಓದಿದ ತಾರೀಕು

ಕಾರವಾರ ಕಡೆಯ ಒಂದು ಕೋರ್ಟಿನಲ್ಲಿ ಹೆಸರು ಕೂಗುವ ಜವಾನನಾಗಿದ್ದ ಜಟ್ಟಿಯ ಗಂಟಲಿಗೆ ಮೈಕು ಬೇಕಿರಲಿಲ್ಲ. ಜಗುಲಿಯಲ್ಲಿ ನಿಂತು ಮೂರು ಸಲ ಕೂಗಿದನೆಂದರೆ ರಸ್ತೆಯಾಚೆ ಚಹಾ ಕುಡಿಯುತ್ತಿದ್ದ ಆರೋಪಿಯೂ ಲೋಟ ಬಿಟ್ಟು ಓಡಿಬರಬೇಕು. ಆದರೆ ಅವರ್ಸಾ, ಅಂಕೋಲೆ ಕಡೆಯ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದುದು ಬೇರೆ ಕಾರಣಕ್ಕೆ. ಅಕ್ಷರ ಬಾರದವರಿಗೆ ಕೋರ್ಟಿನ ತಾರೀಕು ತಿಳಿಯುವುದಾದರೂ ಹೇಗೆ? ಜಟ್ಟಿ ಪಂಚಾಂಗ ನೋಡಿ ಅದನ್ನು ಹುಣ್ಣಿಮೆ ಅಮಾವಾಸ್ಯೆಯ ಲೆಕ್ಕಕ್ಕೆ ತಿರುಗಿಸಿ ಹೇಳುತ್ತಿದ್ದ. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಅದರ ಜಂಬ ಅವನಿಗಿತ್ತು. ಇರಲಿ ಬಿಡಿ, ಇರಬೇಕಾದದ್ದೇ.

ತೊಂಬತ್ತೆಂಟರಲ್ಲಿ ಕಂಪ್ಯೂಟರ್ ಬಂತು. ಅದಕ್ಕೆ ತಣ್ಣನೆಯ ಕೋಣೆ, ಒಳಗೆ ಹೋಗುವವರು ಚಪ್ಪಲಿ ಕಳಚಬೇಕು, ದೇವರಿಗೂ ಇಲ್ಲದ ಮಡಿ! ಗುಮಾಸ್ತರು ಕೈಯಲ್ಲಿ ಬರೆಯುತ್ತಿದ್ದ ತಾರೀಕಿನ ಚೀಟಿಯನ್ನು ಈಗ ಯಂತ್ರವೇ ಕರಕರ ಅಚ್ಚು ಹಾಕಿ ಕೊಡುತ್ತಿತ್ತು. ಅಚ್ಚು ಮಸುಕು. ಜಟ್ಟಿಯ ಕಣ್ಣಿಗೂ ಪೊರೆ ಬಂದಿತ್ತು. ಯಂತ್ರದ ಮುಂದೆ ಕೂರುವ ಲಲಿತಾ ಒಮ್ಮೆ, "ಚೀಟಿ ಕಾಣ್ತದ್ಯಾ ಜಟ್ಟಣ್ಣ, ನಾ ಓದಿ ಹೇಳ್ಲಾ?" ಎಂದು ಕೇಳಿದಳು.

"ನೀ ಹುಟ್ಟೂಕೆ ಮೊದ್ಲೇ ನಾ ತಾರೀಕು ಓದಿದಂವ. ನಿನ್ನ ಕೆಲ್ಸ ನೋಡ್ಕ," ಎಂದು ಸಿಡುಕಿದ.

ಅವರ್ಸಾದ ತಿಮ್ಮಿಯ ಮಗ ಬೀರಾ ಬೈತಖೋಲ ಬಂದರಿನ ಮೀನು ಹರಾಜಿನಲ್ಲಿ ನಡೆದ ಹೊಡೆದಾಟದ ಕೇಸಿನಲ್ಲಿ ಸಿಕ್ಕಿಬಿದ್ದು, ಜಾಮೀನಿನ ಮೇಲೆ ಹೊರಗಿದ್ದ. ಒಂದು ತಾರೀಕು ತಪ್ಪಿಸಿದರೂ ಜೈಲೇ ಎಂದು ನ್ಯಾಯಾಧೀಶ ಸಾಹೇಬರು ಎಚ್ಚರಿಸಿದ್ದರು. ಅಂದು ಕೋರ್ಟು ಮುಗಿಸಿ ಬೀರಾ ಬೋಟಿಗೆ ಹೋದ. ಅವನ ಚೀಟಿ ಹಿಡಿದು ತಿಮ್ಮಿ ಜಟ್ಟಿಯ ಹತ್ತಿರ ಬಂದಳು. ಜಟ್ಟಿ ಅದನ್ನು ಬೆಳಕಿಗೆ ಹಿಡಿದು ನೋಡಿದ. ಹದಿನೆಂಟು.

"ಅಮಾಸೆ ಕಳ್ದು ಮೂರನೇ ದಿನ, ತಿಮ್ಮಕ್ಕ. ಮಗನ್ನ ಕರ್ಕಂಡು ಬಾ," ಎಂದ.

ಮುಂದಿನ ತಿಂಗಳ ಹದಿಮೂರಕ್ಕೆ ಒಳಗಿನಿಂದ ಗುಮಾಸ್ತರು ಹೇಳಿದ ಹೆಸರು ಕೂಗಲು ಜಟ್ಟಿ ಬಾಯಿ ತೆರೆದ. ಅವರ್ಸಾದ ಬೀರಾ! ಅಯ್ಯೋ ದೇವರೇ, ಚೀಟಿಯಲ್ಲಿದ್ದದ್ದು ಹದಿನೆಂಟಲ್ಲ, ಹದಿಮೂರು! ಮಸುಕು ಅಚ್ಚಿನ 3 ಅವನಿಗೆ 8 ಆಗಿ ಕಂಡಿತ್ತು. ಬರುವವರು ಯಾರೂ ಇಲ್ಲವೆಂದು ಗೊತ್ತಿದ್ದೂ ಮೂರು ಸಲ ಕೂಗಿದ. ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಕಣ್ಣು ಕಾಣದೆಂದು ಗೊತ್ತಾದರೆ ಕೂಗುವ ಕೆಲಸ ಹೋಗಿ, ಹಳೇ ಕಡತಗಳ ಕೋಣೆಯಲ್ಲಿ ಧೂಳು ಕುಡಿಯುತ್ತ ಕೂರಬೇಕು. ಬಾಗಿಲಿಗೆ ಬಂದು, ಯಾರೂ ಬಂದಿಲ್ಲ ಎಂದಷ್ಟೇ ಹೇಳಿದ. ವಾರಂಟು ಹೊರಟಿತು.

ಮರುದಿನ ಪೊಲೀಸರು ಬೀರಾನನ್ನು ಬೋಟಿನಿಂದಲೇ ಎಳೆದು ತಂದರು. ಸುದ್ದಿ ಕೇಳಿ ತಿಮ್ಮಿ ಏದುಸಿರು ಬಿಡುತ್ತ ಓಡಿಬಂದಳು.

"ನಿಮಗೆ ತಾರೀಕು ಹೇಳಿದ್ದು ಯಾರು?" ಸಾಹೇಬರು ಕೇಳಿದರು.

ಜಟ್ಟಿ ಬಾಗಿಲಲ್ಲೇ ನಿಂತಿದ್ದ.

"ಜಟ್ಟಣ್ಣ ಹೇಳಿದ್ದ, ಒಡ್ಯಾ. ಅಂವ ತಪ್ಪು ಹೇಳೂ ಮನ್ಷ ಅಲ್ಲ. ನಂಗೇ ಅಮಾಸೆ ಲೆಕ್ಕ ತಪ್ತು. ನನ್ ತಲೆಗೆ ಬೆಂಕಿ ಬೀಳ್ಲಿ!" ತಿಮ್ಮಿ ಹಣೆ ಬಡಿದುಕೊಂಡಳು.

ಸಾಹೇಬರು ಜಟ್ಟಿಯ ಕಡೆ ತಿರುಗಿದರು. "ಸರಿಯಾಗಿ ಹೇಳಿದ್ದೆಯೇನು?"

"ಹೌದು, ಸಾಹೇಬರೇ."

ಜಾಮೀನು ರದ್ದಾಯಿತು. ಪೊಲೀಸರು ಕೈ ಹಿಡಿದೆಳೆದಾಗ ಬೀರಾ ತಾಯಿಯನ್ನೇ ದುರುಗುಟ್ಟಿ ನೋಡಿದ.

"ಒಂದು ದಿನ ನೆನಪಿಡೂಕೂ ಆಗ್ಲಿಲ್ವಾ ನಿಂಗೆ? ಜೈಲಿಗೆ ನನ್ನ ನೋಡೂಕೆ ಬರ್ಬೇಡ ನೀನು."

ಜಟ್ಟಿ ಹೊರಗೆ ಬಂದು ಮುಂದಿನ ಹೆಸರು ಕೂಗಿದ.